ಅಡಿಕೆಯ ಸೀಮೆ ಆಡಬೇಕಾದ ಮಾತು

ಕಾಳೀ ಕಣಿವೆಯ ಜೋಯಿಡಾದಿಂದ ಮೊದಲ್ಗೊಂಡು ಮುಂಡಗೋಡದ ಬಯಲಿನವರೆಗೆ, ಕವಳದ ತಟ್ಟೆ ಮುಂದಿಟ್ಟಲ್ಲದೆ ಉಪಚಾರ ಪೂರ್ಣವಾಗದ ಮನೆಗಳು ಇಂದಿಗೂ ಬಹಳವಿರುವ ಈ ಸೀಮೆಯಲ್ಲಿ, ಅಡಿಕೆಯ ಧಾರಣೆಯನ್ನು ಕುರಿತು ನಡೆಯುವ ಚರ್ಚೆಯ ಒಂದಂಶವಾದರೂ ಅದು ಬಾಯಿಯೊಳಗೆ ಎಸಗುವ ಕಾರ್ಯವನ್ನು ಕುರಿತು ನಡೆಯದಿರುವುದು ನನಗೆ ಬಹುಕಾಲದ ವ್ಯಥೆ.

ಜೀವಕೋಶಗಳ ಸುತ್ತ, ಅವೇ ನೆಯ್ದುಕೊಂಡ, ಕೊಲಾಜನ್ ಮೊದಲಾದ ಪ್ರೋಟೀನುಗಳ ಜಾಲವೊಂದುಂಟು. ಅದನ್ನು ಕೋಶಬಾಹ್ಯ ಮಾತೃಕೆ ಎನ್ನುವರು. ಅದು ಎಷ್ಟು ಹುಟ್ಟಬೇಕು, ಎಷ್ಟು ಕರಗಬೇಕು ಎಂಬುದನ್ನು ಬಹುಮಟ್ಟಿಗೆ ನಿಯಂತ್ರಿಸುವವು ವೃದ್ಧಿಕಾರಕಗಳು. ಅವುಗಳಲ್ಲೊಂದಾದ ಟಿಜಿಎಫ್-ಬೀಟಾ ಆ ಮಾತೃಕೆಯಲ್ಲಿಯೇ ಸುಪ್ತವಾಗಿದ್ದು, ತೋಟದ ಕೆಲಸದಲ್ಲಿ ಕತ್ತಿ ತಾಗಿ ಬೆರಳು ಸೀಳಿದಾಗ ಎಚ್ಚೆತ್ತು, ತಂತುಕೋಶಗಳಿಂದ ಹೊಸ ಕೊಲಾಜನ್ನನ್ನು ನೆಯ್ಯಿಸಿ, ಗಾಯ ಮಾಯುತ್ತ ಬಂದಂತೆ ತಾನೂ ಅಡಗುತ್ತದೆ.

ಹಗಲೆಲ್ಲ ಅಡಿಕೆಯನ್ನು ದವಡೆಯಲ್ಲಿಟ್ಟುಕೊಂಡವನ ಬಾಯಲ್ಲಿ ಅದಕ್ಕೆ ಅಡಗುವ ಅವಕಾಶವೇ ಇಲ್ಲ. ಅಡಿಕೆಯ ಅರೆಕೊಲೀನ್ ಅದನ್ನು ಮೇಲಿಂದ ಮೇಲೆ ಎಬ್ಬಿಸುವುದರಿಂದ ಕೊಲಾಜನ್ ಹೆಚ್ಚುತ್ತದೆ, ಅದನ್ನು ಕರಗಿಸುವ ಕಿಣ್ವಗಳಿಗೆ ತಡೆ ಬೀಳುತ್ತದೆ. ಅಡಿಕೆಯಲ್ಲಿರುವ ತಾಮ್ರವು ಎಳೆಗಳನ್ನು ಬೆಸೆಯುವ ಲೈಸಿಲ್ ಆಕ್ಸಿಡೇಸ್ ಕಿಣ್ವಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಮೊದಲು ಖಾರ ತಾಳಲಾಗದ ಉರಿ. ಬಳಿಕ ಕೆನ್ನೆಯ ಒಳಮೈ ಬಿಳಿಚಿ, ಬೆರಳಾಡಿಸಿದರೆ ಹುರಿಯಂತಹ ಪಟ್ಟಿಗಳು ತಾಗುತ್ತವೆ. ಕಡೆಗೆ ತುತ್ತು ಹಿಡಿಸುವಷ್ಟು ಬಾಯಿ ತೆರೆಯುವುದೂ ಪ್ರಯಾಸ. ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯನು 1952ರಲ್ಲಿ ವರ್ಣಿಸಿದ ವ್ಯಾಧಿ ಇದೇ. ಕೆಲವರಲ್ಲಿ ಇದು ಕ್ಯಾನ್ಸರಿಗೆ ತಿರುಗುತ್ತದೆ.

ರಾಜ್ಯದಲ್ಲಿ ಗುಟ್ಕಾ 2013ರಲ್ಲಿ ನಿಷಿದ್ಧವಾಯಿತು; ಆದರೆ ತಂಬಾಕಿಲ್ಲದ ಪೊಟ್ಟಣ ನಿರಪಾಯವೆಂಬ ಭ್ರಮೆ ಹೋಗಲಿಲ್ಲ. ಅಡಿಕೆ ತಾನೊಂದೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಪಷ್ಟವಾಗಿ ಸಾರಿದೆ. ಬೆಳೆಗಾರನ ಅನ್ನಕ್ಕೆ ಕಲ್ಲು ಹಾಕುವ ಮಾತು ಇದಲ್ಲ; ತೋಟದಿಂದ ಬದುಕುವ ನಾವೇ ಇದನ್ನು ಮೊದಲು ಆಡದಿದ್ದರೆ, ಪೊಟ್ಟಣಕ್ಕೆ ಕೈ ನೀಡುವ ಮಕ್ಕಳಿಗೆ ಆಡುವವರು ಯಾರು?

ಬಿಗಿದ ಪಟ್ಟಿಗಳನ್ನು ಧಾರವಾಡ, ಹುಬ್ಬಳ್ಳಿಗಳ ಶಸ್ತ್ರವೈದ್ಯರು ಬಿಡಿಸಿಯಾರು. ಅಂಗಾಂಶವನ್ನು ಮೊದಲಿನಂತೆ ಮಾಡಲಾರರು. ಆರಂಭದಲ್ಲಿಯೇ ಗುರುತಿಸುವುದಕ್ಕಾದರೋ ಯಂತ್ರ ಬೇಕಿಲ್ಲ: ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಇಡಲಾಗದವನ ಬಾಯನ್ನು ದಂತವೈದ್ಯರು ನೋಡಬೇಕು. ಹಳಿಯಾಳದ ಶಾಲೆಗಳಲ್ಲಿ, ದಾಂಡೇಲಿಯ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿನಲ್ಲಿ, ಆರೋಗ್ಯ ಇಲಾಖೆಯು ಈ ಪರೀಕ್ಷೆಯನ್ನು ಈ ವರ್ಷವೇ ಆರಂಭಿಸಲಿ.