ಸೀಸೆಗೆ ಸಲ್ಲುವ ಟೊಮೆಟೊ

ಟೊಮೆಟೊ ಬೆಲೆಯ ಚಂಚಲತೆಯನ್ನು ಅರಿಯದ ಮನೆಯಿಲ್ಲ. 2023ರ ಜುಲೈ ತಿಂಗಳಲ್ಲಿ ಕಿಲೋ ಒಂದಕ್ಕೆ ನೂರು ರೂಪಾಯಿ ಮೀರಿತ್ತು. ಬೆಲೆ ಬಿದ್ದ ಕಾಲದಲ್ಲಾದರೋ 15 ಕಿಲೋ ಬಾಕ್ಸಿಗೆ ಕೊಯ್ಲಿನ ಕೂಲಿಯೂ ಹುಟ್ಟದೆ ಕೋಲಾರದ ಸೀಮೆಯ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದುದುಂಟು. ಅಗ್ಗದ ದಿನಗಳಲ್ಲಿ ಕೊಂಡು ಸೀಸೆಗಳಲ್ಲಿ ಕಾಪಿಟ್ಟುಕೊಳ್ಳೋಣವೆಂದು ಗೃಹಿಣಿಯರು ಯೋಚಿಸುವುದು ಸಹಜವೇ. ಆದರೆ ಅಗ್ಗದ ಹಣ್ಣೆಲ್ಲವೂ ಸೀಸೆಗೆ ಸಲ್ಲುವುದಿಲ್ಲ.

ಎರಡು ವರ್ಷಗಳ ಹಿಂದೆ ನಮ್ಮ ಸೊಸೆ ಸಂತೆ ಮುಗಿಯುವ ಹೊತ್ತಿಗೆ ದೊರೆತ, ಮೆತ್ತಗಾಗಿದ್ದ ನಾಟಿ ಹಣ್ಣನ್ನು ತಂದು, ಕುದಿಸಿ, ಎಂಟು ಸೀಸೆ ತುಂಬಿಸಿದಳು. ಮೂರನೆಯ ವಾರಕ್ಕೆ ಮುಚ್ಚಳಗಳು ಉಬ್ಬಿದವು. ಎರಡರಲ್ಲಿ ಬೂಷ್ಟು ಕಾಣಿಸಿತು. ಮಠದಲ್ಲಿ ಬೆಳೆದ ನಮಗೆ ಅನ್ನಪದಾರ್ಥ ಚೆಲ್ಲುವುದೆಂದರೆ ಸಂಕಟ. “ಬೂಷ್ಟು ತೆಗೆದು ಇನ್ನೊಮ್ಮೆ ಕುದಿಸಿದರಾಗದೇ?” ಎಂದೆವು. “ಬೇಡಿ ಮಾವನವರೇ, ಮಕ್ಕಳು ಉಣ್ಣುವ ಮನೆ” ಎಂದು ಆಕೆ ಎಂಟನ್ನೂ ಹೊರಗೆ ಹಾಕಿದಳು. ಆಗ ನಮಗೆ ಕೊಂಚ ಬೇಸರವಾದುದು ನಿಜ. ಈ ವಿಷಯವನ್ನು ಓದಿ ತಿಳಿದ ಬಳಿಕ ಆಕೆಯ ತೀರ್ಮಾನವೇ ಸರಿಯೆಂದು ಒಪ್ಪಿದೆವು.

ನಮ್ಮ ನಾಟಿ ಹಣ್ಣು ಸಾರಿಗೆ ಶ್ರೇಷ್ಠ. ಅದರ ಹುಳಿಗೂ ಪರಿಮಳಕ್ಕೂ ಸಾಟಿಯಿಲ್ಲ. ಆದರೆ ಅದರೊಳಗೆ ನೀರು ಹೆಚ್ಚು, ಬೀಜ ಹೆಚ್ಚು, ತಿರುಳು ಕಡಿಮೆ. ಗಟ್ಟಿಯಾಗುವವರೆಗೆ ಕಾಯಿಸಹೊರಟರೆ ಅನಿಲವೂ ವ್ಯಯ, ಬಣ್ಣವೂ ಮಂಕು. ಸೀಸೆಗೆ ಬೇಕಾದುದು ದಪ್ಪ ತಿರುಳಿನ, ಬೀಜ ವಿರಳವಾದ, ಒಳಗೂ ಕೆಂಪಾಗಿ ಮಾಗಿದ, ಒತ್ತಿದರೆ ಬಿಗಿಯಾಗಿರುವ ಹಣ್ಣು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಸಂಸ್ಕರಣೆಯನ್ನೇ ಉದ್ದೇಶಿಸಿ ಅರ್ಕಾ ಆಹುತಿ, ಅರ್ಕಾ ಆಶಿಷ್, ಈಚೆಗೆ ಅರ್ಕಾ ಅಪೇಕ್ಷಾ, ಅರ್ಕಾ ವಿಶೇಷ್ ಎಂಬ ತಳಿಗಳನ್ನು ನೀಡಿದ್ದಾರೆ. ಮೂರು ರೋಗಗಳನ್ನು ತಡೆಯುವ ಅರ್ಕಾ ರಕ್ಷಕ್ ಅಡುಗೆಗೂ ಸೀಸೆಗೂ ಒದಗುತ್ತದೆ. ಹಿತ್ತಿಲುಳ್ಳವರು ಇವುಗಳ ಬೀಜ ತರಿಸಬಹುದು. ಪೇಟೆಯಲ್ಲಿ ಕೊಳ್ಳುವವರಿಗೆ ತಳಿಯ ಹೆಸರು ಹೇಳುವವರಾರು? ಅವರು ಒಂದು ಹಣ್ಣನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಸಾಕು, ತಿರುಳಿನ ದಪ್ಪ ತಾನೇ ತಿಳಿಯುತ್ತದೆ.

ಇನ್ನು ಹುಳಿಯ ಮಾತು. ಇದನ್ನು ಓದುಗ ಬಂಧುಗಳು ಲಘುವಾಗಿ ಎಣಿಸಬಾರದು. ಆಮ್ಲತೆಯ ಮಾನವಾದ ಪಿಎಚ್ 4.6ನ್ನು ಮೀರಿದರೆ, ಗಾಳಿಯಿಲ್ಲದ ಸೀಸೆಯೊಳಗೆ ಬಾಟುಲಿಸಂ ಎಂಬ ಮಾರಕ ರೋಗವನ್ನು ತರುವ ವಿಷವನ್ನು ಹುಟ್ಟಿಸುವ ಜೀವಾಣು ಬೆಳೆಯಬಲ್ಲುದು. ಆ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ. ಟೊಮೆಟೊ ಈ ಗಡಿಯ ಆಸುಪಾಸಿನಲ್ಲಿಯೇ ಇರುವ ಹಣ್ಣು. ಅತಿಯಾಗಿ ಮಾಗಿದಾಗ, ಕೊಳೆತಾಗ, ಬೂಷ್ಟು ಹಿಡಿದಾಗ ಆಮ್ಲ ಇನ್ನೂ ತಗ್ಗುತ್ತದೆ. ಇಟಲಿಯ ನೇಪಲ್ಸ್ ಸೀಮೆಯ ಸಾನ್ ಮಾರ್ಜಾನೋ ತಳಿ ಡಬ್ಬಿಯ ಟೊಮೆಟೊಗೆ ಜಗತ್ಪ್ರಸಿದ್ಧ. ಅದೂ ಕೆಲವೊಮ್ಮೆ ಈ ಗಡಿಯನ್ನು ದಾಟುವುದುಂಟು. ನಾಲಿಗೆಯ ಸಾಕ್ಷಿ ಇಲ್ಲಿ ನಡೆಯದು, ಏಕೆಂದರೆ ಹಣ್ಣಿನ ಸಕ್ಕರೆ ಹುಳಿಯನ್ನು ಮರೆಸುತ್ತದೆ.

ಆದುದರಿಂದ ತಳಿ ಯಾವುದೇ ಇರಲಿ, ಅರ್ಧ ಲೀಟರಿನ ಸೀಸೆಗೆ ತುಂಬು ಕಾಲು ಟೀ ಚಮಚ ಸಿಟ್ರಿಕ್ ಆಮ್ಲವನ್ನು ಸೇರಿಸಲೇಬೇಕು. ನಿಂಬೆಯಾದರೆ ಆಗದೇ ಎಂದು ಕೇಳುವವರಿದ್ದಾರೆ. ಒಂದು ನಿಂಬೆಯ ಹುಳಿ ಇನ್ನೊಂದಕ್ಕಿರದು. ಅಳತೆಗೆ ಸಿಟ್ರಿಕ್ ಆಮ್ಲವೇ ನಂಬಿಕೆಗೆ ಅರ್ಹ. ಸಿಪ್ಪೆ ತೆಗೆದು ಜಜ್ಜಿ ಕುದಿಸಿದ ಹಣ್ಣನ್ನು ಬಿಸಿಯಾಗಿಯೇ ತುಂಬಿ, ಬಿಗಿ ಮುಚ್ಚಳದ ಸೀಸೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿಡಬೇಕು. ಸಮುದ್ರಮಟ್ಟದಲ್ಲಿ ಇದಕ್ಕೆ 35 ನಿಮಿಷ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುವುದರಿಂದ 45 ನಿಮಿಷ ಬೇಕು. ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆಗಳನ್ನು ಸೀಸೆಗೆ ಹಾಕದೆ ಒಗ್ಗರಣೆಯ ಕಾಲಕ್ಕೆ ಉಳಿಸಿಕೊಳ್ಳುವುದು ಲೇಸು.

ಕಳೆದ ವರ್ಷ ಸೊಸೆ ಬಿಗಿಯಾದ ಉದ್ದ ಹಣ್ಣನ್ನೇ ಆರಿಸಿ ತಂದು ಆರು ಸೀಸೆ ಮಾಡಿದಳು. ಅವುಗಳಲ್ಲಿ ಸಾರಿನ ಪರಿಮಳ ಸ್ವಲ್ಪ ಕಡಿಮೆ ಎಂಬ ನಮ್ಮ ದೂರು ಮಾತ್ರ ಉಳಿದಿದೆ. ಅದಕ್ಕೆ ಆಕೆ ಅಡುಗೆಯ ವೇಳೆ ಒಂದು ತಾಜಾ ನಾಟಿ ಹಣ್ಣನ್ನು ಹಿಚುಕಿ ಸೇರಿಸುತ್ತಾಳೆ.