ಕಾಗದ ಬರೆಯುವ ಸುಖ

ಎರಡು ವರ್ಷಗಳ ಹಿಂದೆ ನನ್ನ ಸೋದರಮಾವನವರಿಂದ ಒಂದು ಕಾಗದ ಬಂದಿತು. ಅವರು ಚಿತ್ರದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಬೇಸಾಯ ಮಾಡಿಕೊಂಡಿರುವವರು. ವಯಸ್ಸು ಎಂಬತ್ತನ್ನು ಸಮೀಪಿಸಿದೆ. ಅವರಿಗೆ ಈಗ ಕಿವಿ ಕೇಳಿಸುವುದಿಲ್ಲ. ಆದುದರಿಂದ ದೂರವಾಣಿಯಲ್ಲಿ ಮಾತನಾಡುವಂತಿಲ್ಲ. ಮೊಬೈಲಿನ ಸಣ್ಣ ಅಕ್ಷರಗಳು ಅವರ ಕಣ್ಣಿಗೆ ನಿಲುಕುವುದಿಲ್ಲ. ಮನೆಗೆ ಬಂದವರು ಎರಡು ಮಾತುಗಳನ್ನು ಗಟ್ಟಿಯಾಗಿ ಕೂಗಿ ಹೇಳಿ, ಬಳಿಕ ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತಾರೆ. ಬಂದ ಕಾಗದದಲ್ಲಿ ಹಳೆಯ ಕ್ರಮದಂತೆ ಆಶೀರ್ವಾದ, ಕ್ಷೇಮಸಮಾಚಾರ, ಮಳೆಬೆಳೆಯ ವಿಷಯ ಎಲ್ಲ ಇದ್ದುವು. ಕೊನೆಯಲ್ಲಿ ಒಂದು ಪ್ರಶ್ನೆ: "ಮಗಳ ಮನೆಗೆಂದು ಮಂಗಳೂರಿಗೆ ಹೋಗಿದ್ದೆ. ಅಲ್ಲಿಯೂ ಮಣ್ಣಿನ ಹೂಜಿ ಇಟ್ಟಿದ್ದಾರೆ; ಸೆಖೆಯಂತೂ ಹೇಳತೀರದು. ಆದರೆ ಹೂಜಿಯ ನೀರು ನಮ್ಮೂರಿನ ಹಾಗೆ ತಣ್ಣಗಾಗುವುದಿಲ್ಲ. ನೀನು ಇದನ್ನೇ ಓದಿದವನಲ್ಲವೆ? ಏಕೆಂದು ಬರೆ."

ಇದಕ್ಕೆ ಉತ್ತರ ಯಾವ ಪಠ್ಯಪುಸ್ತಕದಲ್ಲಾದರೂ ಇದೆ. ತರಗತಿಯಲ್ಲಿ ನಾನು ಅದನ್ನು ಎರಡೇ ವಾಕ್ಯಗಳಲ್ಲಿ ಹೇಳಿ ಮುಗಿಸುತ್ತೇನೆ: ನೀರು ಆವಿಯಾಗುವಾಗ ಗುಪ್ತೋಷ್ಣವನ್ನು ಹೀರುತ್ತದೆ, ತೇವವುಳ್ಳ ಗಾಳಿಯಲ್ಲಿ ಆವಿಯಾಗುವಿಕೆ ನಿಧಾನ. ಆ ರಾತ್ರಿ ಈ ಎರಡು ವಾಕ್ಯಗಳನ್ನು ಕಾಗದದ ಮೇಲೆ ಬರೆದೆ. ಬರೆದು ಓದಿ ನೋಡಿದಾಗ ನನಗೇ ನಾಚಿಕೆಯಾಯಿತು. ಅದು ವಿವರಣೆಯಲ್ಲ, ಪಾರಿಭಾಷಿಕ ಪದಗಳ ಜೋಡಣೆ ಮಾತ್ರ. 'ಗುಪ್ತೋಷ್ಣ'ವೆಂದರೆ ನನ್ನ ಮಾವನಿಗೆ ಏನು ತಿಳಿದೀತು? ನನಗಾದರೂ ಏನು ತಿಳಿದಿತ್ತು?

ಮೂರು ಹಾಳೆಗಳು ಕಸದ ಬುಟ್ಟಿ ಸೇರಿದುವು. ನಾಲ್ಕನೆಯದರಲ್ಲಿ ಹೀಗೆ ತೊಡಗಿದೆ: ನೀರಿನ ಕಣಗಳೆಲ್ಲ ಒಂದೇ ವೇಗದಿಂದ ಚಲಿಸುವುದಿಲ್ಲ. ಹೂಜಿಯ ರಂಧ್ರಗಳ ಮೂಲಕ ಹೊರಮೈಗೆ ಬಂದ ನೀರಿನಲ್ಲಿ ಅತಿ ವೇಗವುಳ್ಳ ಕಣಗಳು ಮಿಕ್ಕವುಗಳ ಹಿಡಿತವನ್ನು ಬಿಡಿಸಿಕೊಂಡು ಗಾಳಿಗೆ ಹಾರಿಹೋಗುತ್ತವೆ. ಉಳಿದವು ನಿಧಾನಗತಿಯವು, ಆದುದರಿಂದಲೇ ಉಳಿದ ನೀರು ತಂಪು. ಮಂಗಳೂರಿನ ಗಾಳಿಯಲ್ಲಾದರೋ ಮೊದಲೇ ನೀರಿನ ಕಣಗಳು ತುಂಬಿವೆ. ಹೊರಟವುಗಳ ಜಾಗಕ್ಕೆ ಗಾಳಿಯಿಂದ ಹಲವು ಹಿಂದಿರುಗಿ ಬರುತ್ತವೆ. ಬರುವಾಗ ಬಿಸಿಯನ್ನೂ ತರುತ್ತವೆ. ಲೆಕ್ಕವನ್ನೂ ಬರೆದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲು ಶಾಖ ಬೇಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣಿಸಲು ತೆಗೆಯಬೇಕಾದುದು 4.2 ಜೂಲು ಮಾತ್ರ. ಎಂದರೆ ಒಂದು ಚಿಕ್ಕ ಚಮಚ ನೀರು, ಸುಮಾರು 5 ಗ್ರಾಂ, ತನಗೆ ಬೇಕಾದ ಶಾಖವನ್ನೆಲ್ಲ ಹೂಜಿಯಿಂದಲೇ ಪಡೆದು ಆವಿಯಾದರೆ, ಒಂದು ಲೀಟರು ನೀರು ಹೆಚ್ಚುಕಡಮೆ ಮೂರು ಡಿಗ್ರಿ ತಣಿಯುತ್ತದೆ. ಈ ಲೆಕ್ಕವನ್ನು ನಾನು ಅದಕ್ಕೆ ಮೊದಲು ಎಂದೂ ಮಾಡಿರಲಿಲ್ಲ. ಕೊನೆಗೆ, ಒಗೆದ ಬಟ್ಟೆ ಒಣಗದ ಊರಿನಲ್ಲಿ ಹೂಜಿಯ ನೀರೂ ತಣಿಯದು ಎಂಬ ವಾಕ್ಯ ತಾನಾಗಿ ಲೇಖನಿಯ ತುದಿಗೆ ಬಂದಿತು. ಅದನ್ನು ಬರೆದಾಗ ಆದ ಸಂತೋಷ ಇಂದಿಗೂ ನೆನಪಿದೆ.

ಹತ್ತು ದಿನಗಳಲ್ಲಿ ಮಾರುತ್ತರ. "ತಿಳಿಯಿತು. ಆದರೆ ಹಿತ್ತಾಳೆಯ ಚೊಂಬಿಗೆ ತಣ್ಣೀರು ತುಂಬಿದರೆ ಅದೂ ಹೊರಗೆ ಬೆವರುತ್ತದೆ. ಅದರೊಳಗಿನ ನೀರು ತಂಪಾಗದೆ ಬಿಸಿಯಾಗುತ್ತ ಹೋಗುವುದೇಕೆ?" ನನ್ನ ಸ್ನಾತಕ ವಿದ್ಯಾರ್ಥಿಗಳಲ್ಲಿ ಒಬ್ಬರೂ ಕೇಳದಿದ್ದ ಪ್ರಶ್ನೆ! ಹಿತ್ತಾಳೆಯಲ್ಲಿ ರಂಧ್ರಗಳಿಲ್ಲ, ಆ ಬೆವರು ಒಳಗಿನಿಂದ ಬಂದುದಲ್ಲ, ಗಾಳಿಯ ತೇವ ತಣ್ಣನೆಯ ಲೋಹದ ಮೇಲೆ ಕೂಡಿದುದು. ಹೂಜಿಯಲ್ಲಿ ಹೋದ ಶಾಖ ಇಲ್ಲಿ ಹಿಂದಿರುಗಿ ಬರುತ್ತಿದೆ.

ಈ ಪತ್ರವ್ಯವಹಾರದಿಂದ ನನಗೆ ಮೂಡಿದ ಅಭಿಪ್ರಾಯವೊಂದನ್ನು ವಿದ್ಯಾರ್ಥಿ ಮಿತ್ರರ ಮುಂದಿಡಬಯಸುತ್ತೇನೆ. ಪರೀಕ್ಷೆಯಲ್ಲಿ ನಾವು ಬರೆಯುವುದು ವಿಷಯವನ್ನು ಮೊದಲೇ ಬಲ್ಲವರಿಗಾಗಿ. 'ಗುಪ್ತೋಷ್ಣ'ವೆಂಬ ಪದವನ್ನು ಕಂಡೊಡನೆ ಅವರು ಅಂಕ ಕೊಡುತ್ತಾರೆ. ಮೊಬೈಲಿನ ಸಂದೇಶದಲ್ಲಿ ಅರೆಬೆಂದುದನ್ನು ಬಡಿಸಿದರೂ ನಡೆದೀತು, ತಿಳಿಯದವನು ಆ ಕ್ಷಣವೇ "ಅಂದರೆ?" ಎಂದು ಕೇಳುತ್ತಾನೆ. ಕಾಗದ ಹಾಗಲ್ಲ. ಓದುವವನು ನೂರಾರು ಮೈಲಿ ದೂರದಲ್ಲಿ ಜಗಲಿಯ ಮೇಲೆ ಒಬ್ಬನೇ ಕುಳಿತಿರುತ್ತಾನೆ; ಅವನು ಎಲ್ಲಿ ತಡವರಿಸುವನೆಂಬುದನ್ನು ಬರೆಯುವಾಗಲೇ ಊಹಿಸಬೇಕು. ಕೈಬರಹದಲ್ಲಿ ಹೊಡೆದುಹಾಕಿದ ಪದ ಹೊಡೆದುಹಾಕಿದಂತೆಯೇ ಕಾಣುವುದರಿಂದ, ವಾಕ್ಯವನ್ನು ಮನಸ್ಸಿನಲ್ಲಿ ಮುಗಿಸಿಯೇ ಕೈ ಮುಂದುವರಿಯಬೇಕು. ಇದರಲ್ಲಿ ಶ್ರಮವುಂಟು. ಸುಖವೂ ಆ ಶ್ರಮದಿಂದಲೇ ಹುಟ್ಟುವಂಥದು.

ದೊಡ್ಡ ವಿಜ್ಞಾನಿಗಳೂ ಕಾಗದವನ್ನು ಕೇವಲ ಸುದ್ದಿಗಾಗಿ ಬಳಸಿದವರಲ್ಲ. 1924ರ ಜೂನ್ 4ರಂದು ಢಾಕಾದಿಂದ ಸತ್ಯೇಂದ್ರನಾಥ ಬೋಸರು ತಮ್ಮ ಪ್ರಬಂಧವೊಂದರೊಂದಿಗೆ ಐನ್‌ಸ್ಟೈನರಿಗೆ ಕಾಗದ ಬರೆದುದು, ಐನ್‌ಸ್ಟೈನರು ಆ ಪ್ರಬಂಧವನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದುದು ಎಲ್ಲರೂ ಬಲ್ಲ ಕಥೆ. ನನಗೆ ಇನ್ನೂ ಪ್ರಿಯವಾದುದು ವುಲ್ಫ್‌ಗಾಂಗ್ ಪೌಲಿ 1930ರ ಡಿಸೆಂಬರ್ 4ರಂದು ಬರೆದ ಕಾಗದ. ಬೀಟಾ ಕ್ಷಯದಲ್ಲಿ ಶಕ್ತಿಯ ಲೆಕ್ಕ ಸರಿಹೊಂದದೆ ಭೌತವಿಜ್ಞಾನಿಗಳು ಕಂಗೆಟ್ಟಿದ್ದ ಕಾಲವದು. ಯಾರಿಗೂ ಕಾಣದ ಒಂದು ಕಣ ಆ ಶಕ್ತಿಯನ್ನು ಹೊತ್ತೊಯ್ಯುತ್ತಿರಬಹುದೆಂದು ಪೌಲಿಗೆ ತೋರಿತು. ಪ್ರಕಟಿಸುವ ಧೈರ್ಯ ಅವರಿಗಿರಲಿಲ್ಲ. ಟ್ಯೂಬಿಂಗನ್‌ನಲ್ಲಿ ಸೇರಲಿದ್ದ ಮಿತ್ರರಿಗೆ ಕಾಗದ ಬರೆದರು. ಅವರನ್ನು ವಿಕಿರಣಶೀಲರೆಂದು ವಿನೋದವಾಗಿ ಸಂಬೋಧಿಸಿ, ಜ್ಯೂರಿಕ್‌ನಲ್ಲಿ ನೃತ್ಯಕೂಟವೊಂದಿರುವುದರಿಂದ ತಾವು ಬರಲಾಗದೆಂದೂ ತಿಳಿಸಿದರು! ಆ ಕಣವೇ ಇಂದಿನ ನ್ಯೂಟ್ರಿನೊ. ರೈನ್ಸ್ ಮತ್ತು ಕೋವನ್ ಅದನ್ನು ಪ್ರಯೋಗದಲ್ಲಿ ಪತ್ತೆಹಚ್ಚಿದುದು 1956ರಲ್ಲಿ. ಅಚ್ಚಿಗೆ ಕೊಡಲು ಅಂಜುವ ಭಾವನೆಯನ್ನು ಮಿತ್ರರ ಮುಂದೆ ಇಡಲು ಕಾಗದದಲ್ಲಿ ಎಡೆಯುಂಟು.

ಇನ್ನು ಲೇಖನಿಯೇ ಒಂದು ಪುಟ್ಟ ಪ್ರಯೋಗಶಾಲೆ. ಮಸಿಯ ಪೆನ್ನಿನ ಮುಳ್ಳಿನಲ್ಲಿರುವ ಸೀಳು ಕೂದಲಿನಷ್ಟು ಸಣ್ಣದು. ಲೋಮನಾಳ ಕ್ರಿಯೆಯಿಂದ ಮಸಿ ಆ ಸೀಳಿನಲ್ಲಿ ನಿಂತಿರುತ್ತದೆ. ಕಾಗದದ ನಾರುಗಳು ಸೋಕಿದೊಡನೆ ಅವುಗಳ ನಡುವಣ ಇನ್ನೂ ಸಣ್ಣ ಸಂದುಗಳು ಅದನ್ನು ಸೆಳೆದುಕೊಳ್ಳುತ್ತವೆ. ಮಸಿ ತೀರುತ್ತ ಬಂದಾಗಲೇ ಪೆನ್ನು ಹೆಚ್ಚು ಕಕ್ಕುವುದೇಕೆಂದು ಬಾಲ್ಯದಲ್ಲಿ ನನಗೆ ಸೋಜಿಗವಾಗುತ್ತಿತ್ತು. ಖಾಲಿಯಾದ ಜಾಗದಲ್ಲಿ ಗಾಳಿ ತುಂಬಿರುತ್ತದೆ. ಅಂಗೈಯ ಬಿಸಿಗೆ ಅದು ಹಿಗ್ಗಿ, ಉಳಿದ ಮಸಿಯನ್ನು ಹೊರದೂಡುತ್ತದೆ. ಅಂಗಿಯ ಜೇಬಿನ ಕಲೆಗೂ ಇದೇ ಕಾರಣ. ಬೈಸಿಕೊಂಡವನು ಮಾತ್ರ ನಾನು.

ಕಳೆದ ವರ್ಷ ನನ್ನ ವಿದ್ಯಾರ್ಥಿಗಳಿಗೆ, ಪ್ರಯೋಗಶಾಲೆಯಲ್ಲಿ ಕಂಡ ಯಾವುದಾದರೊಂದು ಸಂಗತಿಯನ್ನು ವಿವರಿಸಿ ಊರಿನಲ್ಲಿರುವ ಒಬ್ಬರಿಗೆ ಕಾಗದ ಬರೆಯಿರೆಂದು ಹೇಳಿದೆ. ಕೆಲವರು ಗೊಣಗಿದರು. ಹಲವರಿಗೆ ವಿಳಾಸವನ್ನು ಯಾವ ಕಡೆ ಬರೆಯಬೇಕೆಂಬುದೇ ತಿಳಿದಿರಲಿಲ್ಲ. ಒಬ್ಬ ಹುಡುಗಿ ಓದುಬಾರದ ತನ್ನ ಅಜ್ಜಿಗೆ ಲೋಲಕದ ವಿಷಯ ಬರೆದಳು. ಕಾಗದ ತಂದ ಅಂಚೆಯವರೇ ಅದನ್ನು ಓದಿ ಹೇಳಿದರಂತೆ. ಅಜ್ಜಿ ತೊಟ್ಟಿಲು ತೂಗುವಾಗ ಇದನ್ನು ತಾನೂ ಗಮನಿಸಿದ್ದುದಾಗಿ ಹೇಳಿಕಳುಹಿಸಿದರು. ಇಷ್ಟು ಹೊತ್ತಿನಲ್ಲಿ ಹತ್ತು ಲೆಕ್ಕ ಮಾಡಿಸಬಹುದಾಗಿತ್ತೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಮಾಡಿಸಬಹುದಾಗಿತ್ತು, ನಿಜ. ಆದರೂ ಈ ವರ್ಷವೂ ಬರೆಸುವವನೇ.

ಮಾವನವರ ಹೊಸ ಕಾಗದ ಮೇಜಿನ ಮೇಲಿದೆ. ಎರಡು ಬೇಸಗೆ ಕಳೆದ ಹೂಜಿ ಮೊದಲಿನಷ್ಟು ತಣಿಸುವುದಿಲ್ಲವೇಕೆ ಎಂಬುದು ಈ ಸಲದ ಪ್ರಶ್ನೆ. ಕೊಳವೆಬಾವಿಯ ಗಡಸು ನೀರಿನ ಲವಣಗಳು ರಂಧ್ರಗಳನ್ನು ಮುಚ್ಚಿರಬೇಕೆಂದು ಬರೆಯಲು ತೊಡಗಿದೆ. ಅರ್ಧದಲ್ಲಿ ಕೈ ನಿಂತಿತು. ಹಾಗಿದ್ದಲ್ಲಿ ಹೂಜಿಯ ಹೊರಮೈ ಮೊದಲಿಗಿಂತ ಒಣಗಿರಬೇಕಲ್ಲವೆ? ಮುಟ್ಟಿ ನೋಡಿ ತಿಳಿಸಿರೆಂದು ನಿನ್ನೆ ಅವರಿಗೆ ಕಾಗದ ಹಾಕಿದ್ದೇನೆ.