ಹೊರಟು ಬಂದವಳ ವಿಳಾಸ

ಗಂಡನ ಮನೆಯ ಹೊಡೆತ ತಾಳಲಾರದೆ ಹೊರಬಿದ್ದ ಹೆಣ್ಣು ಎಲ್ಲಿಗೆ ಹೋಗಬೇಕು? ಮಹಿಳಾ ಚಳವಳಿ ಹುಟ್ಟಿದಾಗಿನಿಂದ ಈ ಪ್ರಶ್ನೆಯನ್ನು ಕೇಳುತ್ತಲೇ ಬಂದಿದೆ. ತವರು ಬಾಗಿಲು ಮುಚ್ಚಿಕೊಂಡಾಗ, ಠಾಣೆಯಲ್ಲಿ 'ಹೊಂದಿಕೊಂಡು ಹೋಗಮ್ಮ' ಎಂದು ಬುದ್ಧಿ ಹೇಳಿ ಕಳಿಸಿದಾಗ, ಅವಳ ಪಾಲಿಗೆ ಉಳಿಯುವ ಜಾಗ ಯಾವುದು? ಆಶ್ರಯ ಮನೆಗಳು, ಸಹಾಯವಾಣಿಗಳು, 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇವೆಲ್ಲ ಆ ಪ್ರಶ್ನೆಗೆ ಹೋರಾಡಿ ಪಡೆದ ಅರೆಬರೆ ಉತ್ತರಗಳು. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ, ಅದನ್ನು ನಾವು ಅಷ್ಟಾಗಿ ಕೇಳಿಲ್ಲ. ಹೋದ ಜಾಗ ಅವನಿಗೆ ತಿಳಿಯದಂತೆ ಇರುವುದು ಹೇಗೆ?

ಹೊಸ್ತಿಲು ದಾಟಿದ ನಂತರದ ದಿನಗಳೇ ಅತ್ಯಂತ ಅಪಾಯದ ದಿನಗಳೆಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. 'ಇಷ್ಟು ಹಿಂಸೆ ಇದ್ದರೆ ಯಾಕೆ ಬಿಟ್ಟು ಬರಲಿಲ್ಲ?' ಎಂದು ಕೇಳುವ ಜನಕ್ಕೆ ಮಾತ್ರ ಇದು ಗೊತ್ತಿರುವುದಿಲ್ಲ. ತನ್ನ ಸೊತ್ತು ಕೈಬಿಟ್ಟು ಹೋಯಿತೆಂದು ತಿಳಿಯುವ ಗಂಡಸು ಅದನ್ನು ಹುಡುಕಿಕೊಂಡು ಹೊರಡುತ್ತಾನೆ. ಅವಳ ತಂಗಿಯ ಮನೆಗೆ ಫೋನು ಮಾಡುತ್ತಾನೆ, ಮಗುವಿನ ಶಾಲೆಯಲ್ಲಿ ವಿಚಾರಿಸುತ್ತಾನೆ, ಊರ ಹಿರಿಯರನ್ನು ರಾಜಿಯ ನೆಪದಲ್ಲಿ ಕೂರಿಸಿ ಬಾಯಿ ಬಿಡಿಸುತ್ತಾನೆ. ಆ ಬಾಯಿಗಳನ್ನು ಕಾಲು ಹಿಡಿದಾದರೂ ಮುಚ್ಚಿಸಬಹುದಿತ್ತು. ಈಗ ಹುಡುಕಿಕೊಡುವುದೇ ಒಂದು ವ್ಯಾಪಾರವಾಗಿದೆ. ವ್ಯಾಪಾರಿಯ ಕಾಲು ಹಿಡಿಯುವುದು ಹೇಗೆ?

ಈ ವ್ಯಾಪಾರದ ಪೂರ್ಣ ರೂಪ ಕಾಣುವುದು ಅಮೆರಿಕದಲ್ಲಿ. ಅದು ನಮಗೇಕೆ ಎನ್ನುವಂತಿಲ್ಲ. 'ಹುಡುಗ ಅಮೆರಿಕದಲ್ಲಿದ್ದಾನೆ' ಎಂಬ ಒಂದೇ ಮಾತಿಗೆ ಸಾಲ ಮಾಡಿ, ಸೈಟು ಮಾರಿ ವರದಕ್ಷಿಣೆ ಕೊಟ್ಟು ಕಳಿಸಿದ ನಮ್ಮ ಹೆಣ್ಣುಮಕ್ಕಳು ಅಲ್ಲಿದ್ದಾರೆ. ಗಂಡನ ವೀಸಾಕ್ಕೆ ಕಟ್ಟುಬಿದ್ದು, ಕೈಯಲ್ಲಿ ಕಾಸಿಲ್ಲದೆ, ಹೊಡೆತ ತಿನ್ನುವುದನ್ನು ತವರಿಗೂ ಹೇಳಲಾರದೆ ಬದುಕುವವರು ಅವರಲ್ಲಿ ಕಡಿಮೆಯಿಲ್ಲ. 1985ರಲ್ಲಿ ನ್ಯೂಜೆರ್ಸಿಯಲ್ಲಿ 'ಮಾನವಿ', 1989ರಲ್ಲಿ ನ್ಯೂಯಾರ್ಕಿನಲ್ಲಿ 'ಸಖಿ', ನಂತರ ಕ್ಯಾಲಿಫೋರ್ನಿಯಾದಲ್ಲಿ 'ಮೈತ್ರಿ', 'ನಾರಿಕಾ' ಎಂಬ ಸಂಘಟನೆಗಳನ್ನು ನಮ್ಮ ಭಾಗದ ಹೆಣ್ಣುಮಕ್ಕಳೇ ಕಟ್ಟಿಕೊಳ್ಳಬೇಕಾಯಿತು ಎಂಬುದೇ ಇದಕ್ಕೆ ಸಾಕ್ಷಿ.

ಅಲ್ಲಿ ಸ್ಪೋಕಿಯೊ, ವೈಟ್‌ಪೇಜಸ್, ಬೀನ್‌ವೆರಿಫೈಡ್, ಇಂಟೆಲಿಯಸ್ ಮುಂತಾದ ಹೆಸರಿನ ಜಾಲತಾಣಗಳಿವೆ. ಒಬ್ಬಳ ಹೆಸರು ಮತ್ತು ಊರು ಹಾಕಿದರೆ ಅವಳ ವಯಸ್ಸು, ಫೋನ್ ನಂಬರು, ಈಗಿನ ಮನೆ, ಹಿಂದೆ ಇದ್ದ ಮನೆಗಳು, ಸಂಬಂಧಿಕರ ಹೆಸರುಗಳು ಎಲ್ಲ ಸಾಲಾಗಿ ಬರುತ್ತವೆ. ಸ್ವಲ್ಪ ಪುಕ್ಕಟೆ, ಉಳಿದದ್ದಕ್ಕೆ ಹಣ. ಇದರಲ್ಲಿ ಕದ್ದ ಮಾಲು ಬಹಳ ಇಲ್ಲ. ಮನೆ ನೋಂದಣಿಯ ದಾಖಲೆ, ಕೋರ್ಟಿನ ಕಡತ, ಕೆಲವು ರಾಜ್ಯಗಳ ಮತದಾರರ ಪಟ್ಟಿ, ಅಂಗಡಿಗೆ ಬರೆದುಕೊಟ್ಟ ವಿಳಾಸ ಹೀಗೆ ಹತ್ತು ಕಡೆ ಚದುರಿ ಬಿದ್ದಿದ್ದನ್ನು ಮಾಹಿತಿ ದಲ್ಲಾಳಿಗಳು ಕೂಡಿಸಿ ಒಂದು ಪುಟ ಮಾಡುತ್ತಾರೆ. ಚದುರಿದ್ದಾಗ ಯಾರಿಗೂ ಕೇಡಿಲ್ಲದ್ದು, ಒಂದು ಕಡೆ ಸೇರಿದಾಗ ಅವಳ ಬಾಗಿಲಿನವರೆಗೆ ದಾರಿಯಾಗುತ್ತದೆ. ಟಪಾಲಿನ ಮಾತೂ ಇದೇ. ಅಲ್ಲಿನ ಅಂಚೆ ಇಲಾಖೆಗೆ 'ಇನ್ನು ಮುಂದೆ ನನ್ನ ಕಾಗದಗಳನ್ನು ಈ ವಿಳಾಸಕ್ಕೆ ಕಳಿಸಿ' ಎಂದು ಕಾಯಂ ಆಗಿ ಬರೆದುಕೊಟ್ಟರೆ, ಹಳೆಯ ವಿಳಾಸ ಇಟ್ಟುಕೊಂಡಿರುವ ಕಂಪನಿಗಳು ಪರವಾನಗಿ ಪಡೆದವರ ಮೂಲಕ ಹೊಸ ವಿಳಾಸ ತಿಳಿದುಕೊಳ್ಳಬಹುದು. ತಾತ್ಕಾಲಿಕ ಬದಲಾವಣೆ ಎಂದು ಬರೆದರೆ ಹಾಗಾಗುವುದಿಲ್ಲ. ಇಂಥ ಸಣ್ಣ ವಿಷಯವನ್ನು ತಿಳಿದುಕೊಂಡೇ ಅವಳು ಮನೆ ಬಿಡಬೇಕು!

ವಿಳಾಸ ಮಾರುವುದರಿಂದ ಏನಾಗುತ್ತದೆ ಎಂಬುದನ್ನು ಆ ದೇಶ ಕಂಡು ಕಾಲು ಶತಮಾನ ಕಳೆಯಿತು. 1999ರ ಅಕ್ಟೋಬರಿನಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾದಲ್ಲಿ ಯುವತಿಯೊಬ್ಬಳು ಕೆಲಸ ಮುಗಿಸಿ ಹೊರಬರುತ್ತಿದ್ದಾಗ, ಶಾಲಾ ದಿನಗಳಿಂದ ಅವಳ ಗೀಳು ಹಚ್ಚಿಕೊಂಡಿದ್ದವನೊಬ್ಬ ಗುಂಡಿಟ್ಟು ಕೊಂದ. ಅವಳು ಎಲ್ಲಿ ಕೆಲಸ ಮಾಡುತ್ತಾಳೆಂಬುದನ್ನು ಅವನು ಡಾಕ್ಯುಸರ್ಚ್ ಎಂಬ ಕಂಪನಿಯಿಂದ 109 ಡಾಲರ್ ಕೊಟ್ಟು ಕೊಂಡಿದ್ದ. ಕಂಪನಿಯ ಪರವಾಗಿ ಹೆಂಗಸೊಬ್ಬಳು ಫೋನು ಮಾಡಿ, ತಾನು ಯಾರೆಂಬುದನ್ನು ಮರೆಮಾಚಿ, ಆ ಯುವತಿಯ ಬಾಯಿಂದಲೇ ಅದನ್ನು ಹೊರಡಿಸಿದ್ದಳು. ತಾಯಿ ಮೊಕದ್ದಮೆ ಹೂಡಿದಳು. 2003ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಮಾಹಿತಿ ಮಾರುವವನಿಗೆ ಕೊಳ್ಳುವ ಗಿರಾಕಿಯ ಮೇಲೆ ಮಾತ್ರವಲ್ಲ, ಯಾರ ಮಾಹಿತಿ ಮಾರಲಾಗುತ್ತಿದೆಯೋ ಅವಳ ಮೇಲೂ ಹೊಣೆ ಇದೆ ಎಂದು ಹೇಳಿತು. ಒಳ್ಳೆಯ ತೀರ್ಪು. ಆದರೂ ಅಂಗಡಿಗಳು ಮುಚ್ಚಲಿಲ್ಲ.

ತನ್ನ ಹೆಸರನ್ನು ಅಲ್ಲಿಂದ ತೆಗೆಸಬಹುದಲ್ಲವೆ ಎಂದರೆ, ತೆಗೆಸಬಹುದು. ಒಂದೊಂದು ತಾಣಕ್ಕೂ ಹೋಗಿ, ತನ್ನ ಪುಟವನ್ನು ಹುಡುಕಿ, ಅದರ ಕೊಂಡಿಯನ್ನು ಅರ್ಜಿಯಲ್ಲಿ ಹಾಕಿ, ಇಮೇಲ್ ಕೊಟ್ಟು, ಬಂದ ಉತ್ತರಕ್ಕೆ ಒಪ್ಪಿಗೆ ಒತ್ತಬೇಕು. ಅಂದರೆ ಅಡಗಿಕೊಳ್ಳಲು ಹೊರಟವಳು ಇನ್ನೊಂದಿಷ್ಟು ಮಾಹಿತಿ ಕೊಟ್ಟು ಬರಬೇಕು. ಅದಕ್ಕೇ ಅಲ್ಲಿನ ಕಾರ್ಯಕರ್ತೆಯರು ಈ ಕೆಲಸಕ್ಕೆಂದೇ ಬೇರೆ ಇಮೇಲ್ ಮಾಡಿಕೊಳ್ಳಿ ಎನ್ನುತ್ತಾರೆ. ಇಂಟೆಲಿಯಸ್, ಟ್ರೂತ್‌ಫೈಂಡರ್‌ನಂಥ ಕೆಲವು ಒಂದೇ ಒಡೆತನದವು, ಒಂದು ಅರ್ಜಿ ಸಾಕು. ಉಳಿದವಕ್ಕೆ ಬೇರೆ ಬೇರೆ. ಇಷ್ಟು ಮಾಡಿದ ಮೇಲೂ ಅವಳ ತಂಗಿಯ ಪುಟದಲ್ಲಿ 'ಸಂಬಂಧಿಕರು' ಎಂದು ಅವಳ ಹೆಸರು ಕೂತಿರುತ್ತದೆ. ಆದ್ದರಿಂದ ತಂಗಿಯೂ ತೆಗೆಸಬೇಕು, ಆಶ್ರಯ ಕೊಟ್ಟ ಗೆಳತಿಯೂ ತೆಗೆಸಬೇಕು. ಗೂಗಲ್‌ಗೆ ಹೇಳಿದರೆ ಹುಡುಕಾಟದ ಫಲಿತಾಂಶದಿಂದ ಮರೆಮಾಡುತ್ತದೆ, ಮೂಲ ಪುಟ ಇದ್ದಲ್ಲೇ ಇರುತ್ತದೆ. ಕೆಲವು ತಿಂಗಳ ನಂತರ ಹೊಸ ದಾಖಲೆ ಬಂತೆಂದು ಅಳಿಸಿದ ಪುಟವೂ ಮತ್ತೆ ತಲೆ ಎತ್ತುತ್ತದೆ. ಹಣ ಪಡೆದು ತೆಗೆಸಿಕೊಡುವ ಕಂಪನಿಗಳೂ ಹುಟ್ಟಿವೆ. 'ಕನ್ಸ್ಯೂಮರ್ ರಿಪೋರ್ಟ್ಸ್' ಸಂಸ್ಥೆ 2024ರಲ್ಲಿ ಪರೀಕ್ಷಿಸಿದಾಗ, ಅವೆಲ್ಲ ಸೇರಿ ನಾಲ್ಕು ತಿಂಗಳಲ್ಲಿ ತೆಗೆಸಿದ್ದು ಶೇಕಡ 35ರಷ್ಟು ಪುಟಗಳನ್ನು ಮಾತ್ರ. ಕೈಯಾರೆ ಅರ್ಜಿ ಹಾಕಿದಾಗ ಒಂದು ವಾರದಲ್ಲೇ ಶೇಕಡ 70ರಷ್ಟು ಹೋಗಿದ್ದವು. ಹಾಕುವವನೊಬ್ಬ, ತೆಗೆಯುವವನೊಬ್ಬ, ಇಬ್ಬರಿಗೂ ಲಾಭ, ನಡುವೆ ದುಡಿಯುವವಳು ಮಾತ್ರ ಅವಳು. ಮೈಮೇಲೆ ಬಾಸುಂಡೆ ಇರುವವಳು, ಮಗುವನ್ನು ಎತ್ತಿಕೊಂಡು ಬಂದವಳು, ಇಂಗ್ಲಿಷ್ ಅಷ್ಟಾಗಿ ಬಾರದವಳು, ಹತ್ತಾರು ಅರ್ಜಿ ಬರೆಯುತ್ತಾ ಕೂರಬೇಕೆಂದು ಹೇಳುವುದು ಯಾವ ನ್ಯಾಯ?

ಹೊಣೆಯನ್ನು ತಿರುಗಿಸಿ ಹಾಕಿದ ಉದಾಹರಣೆಗಳೂ ಅಲ್ಲಿಯೇ ಇವೆ. ವಾಷಿಂಗ್ಟನ್ ರಾಜ್ಯ 1991ರಲ್ಲೇ ವಿಳಾಸ ಗೋಪ್ಯತಾ ಯೋಜನೆಯನ್ನು ತಂದಿತು. ಹಿಂಸೆಯಿಂದ ತಪ್ಪಿಸಿಕೊಂಡವಳಿಗೆ ಸರ್ಕಾರವೇ ಒಂದು ಬದಲಿ ವಿಳಾಸ ಕೊಡುತ್ತದೆ, ಸರ್ಕಾರಿ ಕಚೇರಿಗಳು ಅದನ್ನೇ ಬರೆದುಕೊಳ್ಳಬೇಕು. ಇಂದು ಬಹುಪಾಲು ರಾಜ್ಯಗಳಲ್ಲಿ ಇಂಥದ್ದಿದೆ. ಕ್ಯಾಲಿಫೋರ್ನಿಯಾ 2023ರಲ್ಲಿ ಮಾಡಿದ ಕಾಯಿದೆ ಇನ್ನೂ ಮುಂದೆ ಹೋಯಿತು. ಅಲ್ಲಿನ ನಿವಾಸಿ ಒಂದೇ ಒಂದು ಅರ್ಜಿ ಹಾಕಿದರೆ ನೋಂದಾಯಿತ ದಲ್ಲಾಳಿಗಳೆಲ್ಲರೂ ಅವಳ ಮಾಹಿತಿ ಅಳಿಸಬೇಕು. ಅರ್ಜಿ ಹಾಕುವ ವ್ಯವಸ್ಥೆ 2026ರ ಜನವರಿಯಲ್ಲಿ ತೆರೆಯಿತು. ದಲ್ಲಾಳಿಗಳು ಅದನ್ನು ಪಾಲಿಸಲು ಕಾಯಿದೆ ಗೊತ್ತುಮಾಡಿದ ದಿನ 2026ರ ಆಗಸ್ಟ್ 1. ಅಲ್ಲಿಂದ ಮುಂದೆ ಪ್ರತಿ 45 ದಿನಕ್ಕೊಮ್ಮೆ ಅವರೇ ಬಂದು ಪಟ್ಟಿ ನೋಡಬೇಕು. ಅಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ, ಅವರ ತಾಯಂದಿರಿಗೆ ಈ ಸುದ್ದಿ ಮುಟ್ಟಬೇಕು.

ಇನ್ನು ನಮ್ಮಲ್ಲಿ. ಅಂಥ ಅಂಗಡಿಗಳು ಇಲ್ಲಿ ಅಷ್ಟಾಗಿ ಬೆಳೆದಿಲ್ಲವೆಂದು ಸಮಾಧಾನ ಪಡುವಂತಿಲ್ಲ. ನಮ್ಮಲ್ಲಿ ಆ ಕೆಲಸವನ್ನು ಸರ್ಕಾರಿ ಕಾಗದಗಳೇ ಮಾಡುತ್ತಿವೆ. ಮತದಾರರ ಪಟ್ಟಿ ಬಹಿರಂಗ ದಾಖಲೆ. ಅದರಲ್ಲಿ ಹೆಣ್ಣಿನ ಹೆಸರಿನ ಜೊತೆಗೆ ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರು ಇರುತ್ತವೆ. ಚುನಾವಣಾ ಆಯೋಗದ ತಾಣದಲ್ಲಿ ಹೆಸರು, ಸಂಬಂಧಿಯ ಹೆಸರು, ವಯಸ್ಸು, ಜಿಲ್ಲೆ ಹಾಕಿದರೆ ಅವಳ ಮತಗಟ್ಟೆ ಯಾವುದೆಂದು ತಿಳಿಯುತ್ತದೆ. ಇವೆಲ್ಲವೂ ಗೊತ್ತಿರುವ ಮನುಷ್ಯ ಯಾರು? ಗಂಡನೇ. ಇಂಗ್ಲೆಂಡಿನಲ್ಲಿ ಇಂಥ ಹೆಂಗಸರು ಹೆಸರು ಕಾಣದಂತೆ ಪಟ್ಟಿ ಸೇರುವ ಅವಕಾಶ 2007ರಿಂದ ಇದೆ. ಮಹಿಳಾ ಸಂಘಟನೆಗಳ ಹೋರಾಟದಿಂದ 2018ರಲ್ಲಿ ಅದು ಸುಲಭವಾಯಿತು, ಆಶ್ರಯಧಾಮ ನಡೆಸುವವರೇ ಸಹಿ ಹಾಕಬಹುದು. ನಮ್ಮ 1960ರ ನಿಯಮಗಳಲ್ಲಿ ಹಾಗೊಂದು ಸಾಲೂ ಇಲ್ಲ. ಇಲ್ಲಿ ಅವಳು ಮತವನ್ನು ಬಿಡಬೇಕು, ಇಲ್ಲವೆ ಸುರಕ್ಷತೆಯನ್ನು.

ದೂರಿನ ವಿಷಯ ಇನ್ನೂ ವಿಚಿತ್ರ. ಎಫ್‌ಐಆರ್‌ನಲ್ಲಿ ದೂರು ಕೊಟ್ಟವಳ ವಿಳಾಸಕ್ಕೊಂದು ಕಾಲಂ ಇದೆ. 2016ರಲ್ಲಿ ಸುಪ್ರೀಂ ಕೋರ್ಟು ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಆದೇಶಿಸಿದಾಗ ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಹೊರಗಿಟ್ಟಿತು. ವರದಕ್ಷಿಣೆ ಹಿಂಸೆಯ ಹೆಸರು ಆ ಸಾಲಿನಲ್ಲಿ ಇಲ್ಲ. ಕೌಟುಂಬಿಕ ಹಿಂಸೆ ಕಾಯಿದೆಯ 2006ರ ನಿಯಮಗಳು, ಅವಳು ಬಯಸಿದರೆ ಆಶ್ರಯ ಮನೆಯವರು ಅವಳು ಅಲ್ಲಿರುವುದನ್ನು ಎದುರಾಳಿಗೆ ತಿಳಿಸಬಾರದು ಎನ್ನುತ್ತವೆ. ಅದೇ ನಿಯಮಗಳ ಮೊದಲ ನಮೂನೆಯೇ 'ಈಗಿನ ವಿಳಾಸ' ಕೇಳುತ್ತದೆ.

2023ರ ವೈಯಕ್ತಿಕ ದತ್ತಾಂಶ ಕಾಯಿದೆ ಅಳಿಸುವ ಹಕ್ಕನ್ನು ಕೊಟ್ಟಿದೆ ಎನ್ನುತ್ತಾರೆ. 2025ರ ನವೆಂಬರಿನಲ್ಲಿ ನಿಯಮಗಳು ಹೊರಬಂದವು, ಆ ಹಕ್ಕು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವು. ಆದರೆ ಕಾನೂನಿನ ಪ್ರಕಾರ ಬಹಿರಂಗ ಮಾಡಲೇಬೇಕಾದ ಮಾಹಿತಿಗೆ ಆ ಕಾಯಿದೆ ಅನ್ವಯಿಸುವುದೇ ಇಲ್ಲ. ಅಂದರೆ ಯಾವ ಬಾಗಿಲಿನಿಂದ ಅವನು ಬರುತ್ತಾನೋ ಅದಕ್ಕೇ ಚಿಲಕವಿಲ್ಲ. 2017ರಲ್ಲಿ ಕರ್ನಾಟಕ ಹೈಕೋರ್ಟು, ವಿವಾಹ ವ್ಯಾಜ್ಯವೊಂದರ ಆದೇಶದಲ್ಲಿದ್ದ ಮಗಳ ಹೆಸರು ಅಂತರಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಬೇಕೆಂಬ ತಂದೆಯ ಅರ್ಜಿಯನ್ನು ಮನ್ನಿಸಿತು. ಹೈಕೋರ್ಟಿನವರೆಗೆ ಹೋಗಬಲ್ಲ ತಂದೆ ಎಷ್ಟು ಮಂದಿಗಿದ್ದಾನೆ?

ಇಲ್ಲಿ ನಮ್ಮ ಗೆಳತಿಯರೇ ಒಂದು ಆಕ್ಷೇಪ ಎತ್ತಬಹುದು. 'ಮನೆಯೊಳಗಿನದು ಖಾಸಗಿ ವಿಷಯವಲ್ಲ' ಎಂದು ಬೀದಿಗಿಳಿದವರು ನಾವು. 'ಸ್ಟೌ ಸಿಡಿದು ಸತ್ತಳು' ಎಂದು ಮುಚ್ಚಿದ ಕಡತಗಳನ್ನು ತೆರೆಸಿದವರು ನಾವು. ಈಗ ನಾವೇ ಗೋಪ್ಯತೆ ಕೇಳುವುದೆ? ಕೇಳಬೇಕು. ಹೊಡೆತ ಖಾಸಗಿಯಲ್ಲ, ಹೊಡೆತದಿಂದ ಪಾರಾದವಳು ಮಲಗುವ ಕೋಣೆ ಖಾಸಗಿ. ಪಿತೃಪ್ರಧಾನ ವ್ಯವಸ್ಥೆ ಇದನ್ನು ತಲೆಕೆಳಗು ಮಾಡಿದೆ. ಅವನ ಅಪರಾಧಕ್ಕೆ ಮನೆತನದ ಮರ್ಯಾದೆಯ ಪರದೆ, ಅವಳ ವಿಳಾಸಕ್ಕೆ ಸರ್ಕಾರಿ ಪ್ರಕಟಣೆ. ಹಾಗೆಂದು ಎಲ್ಲ ಬಗೆಯ ಗೋಪ್ಯತೆಯನ್ನೂ ಸ್ವಾಗತಿಸಬೇಕಿಲ್ಲ. ಅದೇ ದತ್ತಾಂಶ ಕಾಯಿದೆ ಮಾಹಿತಿ ಹಕ್ಕಿನ ಒಂದು ಮುಖ್ಯ ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ಅಧಿಕಾರಿಗಳು ಉತ್ತರ ನಿರಾಕರಿಸಲು ದಾರಿ ಮಾಡಿದೆ. ಅದನ್ನು ವಿರೋಧಿಸುತ್ತಲೇ ಇದನ್ನು ಕೇಳಬೇಕಾಗಿದೆ.

ಬದಲಿ ವಿಳಾಸ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೂಲಕ ತರಬೇಕು. ಮತದಾರರ ಪಟ್ಟಿಯಲ್ಲಿ ಹೆಸರು ಮರೆಮಾಡುವ ಅವಕಾಶಕ್ಕೆ ನಿಯಮ ತಿದ್ದಬೇಕು. ವರದಕ್ಷಿಣೆ ಹಿಂಸೆಯ ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಹಾಕುವ ಮೊದಲು ವಿಳಾಸದ ಕಾಲಮನ್ನು ಅಳಿಸಬೇಕು. ಇದಕ್ಕೆ ಹೊಸ ಕಾಯಿದೆಯೂ ಬೇಡ, ಒಂದು ಸುತ್ತೋಲೆ ಸಾಕು.

ಅಲ್ಲಿಯವರೆಗೆ ಆಪ್ತಸಲಹೆಗೆ ಕೂರುವ ನಮ್ಮ ಕಾರ್ಯಕರ್ತೆಯರು ಮೊದಲ ದಿನವೇ ಒಂದಷ್ಟು ವಿಚಾರಿಸಬೇಕು. ಸಿಮ್ ಯಾರ ಹೆಸರಿನಲ್ಲಿದೆ? ಬ್ಯಾಂಕಿನ ಸಂದೇಶ, ಗ್ಯಾಸ್ ಬುಕಿಂಗಿನ ಸಂದೇಶ ಯಾರ ಫೋನಿಗೆ ಹೋಗುತ್ತದೆ? ಹೊಸ ನಂಬರು ಟ್ರೂಕಾಲರ್‌ನಲ್ಲಿ ಹೆಸರು ಸಮೇತ ಕಾಣುತ್ತಿದೆಯೆ? ಅದನ್ನು ಅವರ ತಾಣದಲ್ಲೇ ತೆಗೆಸಬಹುದು. ಮಗುವಿನ ವರ್ಗಾವಣೆ ಪತ್ರ ತರಲು ಹೋದಾಗ ಹೊಸ ಶಾಲೆಯ ಹೆಸರನ್ನು ಹಳೆಯ ಶಾಲೆಯವರು ತಂದೆಗೆ ಹೇಳದಂತೆ ಮುಖ್ಯೋಪಾಧ್ಯಾಯರ ಜೊತೆ ಮಾತಾಡಿ ಬನ್ನಿ. ಠಾಣೆಯಲ್ಲಾಗಲಿ ನ್ಯಾಯಾಲಯದಲ್ಲಾಗಲಿ ಅರ್ಜಿ ಬರೆಸುವಾಗ 'ಈಗಿನ ವಿಳಾಸ' ಎಂಬಲ್ಲಿ ವಕೀಲರ ಅಥವಾ ಸಂಘಟನೆಯ ಕಚೇರಿಯ ವಿಳಾಸವನ್ನು ಬರೆದುಕೊಳ್ಳುವಂತೆ ಕೇಳಿ. ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲವೆಂದು ಲಿಖಿತವಾಗಿ ಕೊಡಿರೆಂದು ಹೇಳಿ.